ಬೆಕ್ಕು ಪರಚಿದರೆ ಡಾಕ್ಟರಿಗೆ ತಪ್ಪದೆ ಹೇಳಿ



ಊರಿನಲ್ಲಿ ಬೆಕ್ಕು ಅಟ್ಟ, ಹಿತ್ತಲು ಅಂತ ತನ್ನ ಪಾಡಿಗೆ ಓಡಾಡಿಕೊಂಡಿರುತ್ತದೆ. ಇಲ್ಲಿ ಜರ್ಸಿ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಅದು ಮಲಗುವುದು ಮಕ್ಕಳ ಹಾಸಿಗೆಯಲ್ಲೇ! ಬೆಕ್ಕು ಅಡ್ಡ ಬಂದರೆ ಅಪಶಕುನ ಎನ್ನುವುದನ್ನು ನಾವೆಲ್ಲ ಬಿಟ್ಟಾಯಿತು, ಒಳ್ಳೆಯದೇ. ಆದರೆ ಅದು ಪರಚಿದರೆ, ಕಚ್ಚಿದರೆ ಏನಾಗಬಹುದು ಎನ್ನುವುದು ಗೊತ್ತಿರಬೇಕು.

ಪರಚಿದ ಗಾಯದಿಂದ ಬರುವ ಮುಖ್ಯ ಕಾಯಿಲೆ 'ಕ್ಯಾಟ್ ಸ್ಕ್ರ್ಯಾಚ್ ಡಿಸೀಸ್'. ಇದಕ್ಕೆ ಕಾರಣ ಬಾರ್ಟೊನೆಲ್ಲಾ ಹೆನ್ಸೆಲೇ ಎಂಬ ಬ್ಯಾಕ್ಟೀರಿಯಾ. ಇದನ್ನು ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿಗೆ ಮೆತ್ತಿಕೊಂಡು, ಪರಚಿದಾಗ ನಮ್ಮ ಗಾಯಕ್ಕೆ ಸೇರುತ್ತದೆ. ಬೆಕ್ಕು ಮಾತ್ರ ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತದೆ. ಒಂದು ವರ್ಷದೊಳಗಿನ ಮರಿಗಳಲ್ಲಿ ಈ ಸೋಂಕು ಹೆಚ್ಚು. ಅಮೆರಿಕದ ಸಿಡಿಸಿ ಸಂಸ್ಥೆಯ ತಜ್ಞರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಈ ದೇಶದಲ್ಲಿ ವರ್ಷಕ್ಕೆ ಸುಮಾರು 12,000 ಜನರಲ್ಲಿ ಇದು ಪತ್ತೆಯಾಗುತ್ತದೆ, ಸುಮಾರು 500 ಮಂದಿ ಆಸ್ಪತ್ರೆ ಸೇರುತ್ತಾರೆ. 5ರಿಂದ 9 ವರ್ಷದ ಮಕ್ಕಳಲ್ಲೇ ಜಾಸ್ತಿ.

ನಮ್ಮಂಥವರಿಗೆ ಇಲ್ಲೊಂದು ತೊಡಕಿದೆ. ಈ ಕಾಯಿಲೆಯಲ್ಲಿ ಕಂಕುಳಲ್ಲೋ ಕುತ್ತಿಗೆಯಲ್ಲೋ ಗ್ರಂಥಿ ಊದಿಕೊಳ್ಳುತ್ತದೆ, ಸಣ್ಣಗೆ ಜ್ವರ ಬರುತ್ತದೆ. ಟಿ.ಬಿ.ಯಲ್ಲೂ ಗ್ರಂಥಿ ಊದುವುದುಂಟು. ನಮ್ಮ ಏಳು ವರ್ಷದ ಮಗಳಿಗೆ ಕಂಕುಳಲ್ಲಿ ಗಂಟು ಕಾಣಿಸಿಕೊಂಡಾಗ, ಬೇಸಿಗೆ ರಜೆಗೆ ಮೈಸೂರಿಗೆ ಹೋಗಿ ಬಂದಿದ್ದೆವು ಎಂದೊಡನೆ ಡಾಕ್ಟರು ಟಿ.ಬಿ. ಪರೀಕ್ಷೆಯ ಮಾತೆತ್ತಿದರು. ನನ್ನಾಕೆಯ ಕಣ್ಣಲ್ಲಿ ನೀರು! ಅಷ್ಟರಲ್ಲಿ ನರ್ಸಮ್ಮ ಮಗಳ ಮುಂಗೈಯ ಗೀರು ನೋಡಿ, "ಮನೆಯಲ್ಲಿ ಬೆಕ್ಕಿದೆಯಾ?" ಎಂದು ಕೇಳಿದರು. ರಕ್ತಪರೀಕ್ಷೆಯಲ್ಲಿ ಬಾರ್ಟೊನೆಲ್ಲಾ ಎಂದು ಗೊತ್ತಾಯಿತು. ಎರಡು ತಿಂಗಳಲ್ಲಿ ಗಂಟು ಕರಗಿತು. ಆದ್ದರಿಂದ ಊರಿಗೆ ಹೋಗಿ ಬಂದದ್ದನ್ನು ಹೇಳುವಾಗ ಬೆಕ್ಕಿನ ವಿಷಯವನ್ನೂ ಹೇಳಿ.

ಕಚ್ಚಿದರೆ ಮಾತ್ರ ಕಾಯಬೇಡಿ. ಹೆಚ್ಚಿನ ಬೆಕ್ಕುಗಳ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿಯಂಥ ಹಲ್ಲು ಅದನ್ನು ಆಳಕ್ಕೆ ಇಳಿಸುತ್ತದೆ, ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಒಂದೇ ದಿನದಲ್ಲಿ ಕೈ ಕೆಂಪಗೆ ಊದಿ, ಕೀಲಿಗೂ ಸೋಂಕು ತಗಲಬಹುದು. ಅದೇ ದಿನ ಡಾಕ್ಟರನ್ನು ಕಾಣಿ. ಟೆಟನಸ್, ರೇಬೀಸ್ ಬಗ್ಗೆಯೂ ಕೇಳಿ.

ನೆನಪಿಡಬೇಕಾದ್ದು ಇಷ್ಟು:

* ಪರಚಿದ, ಕಚ್ಚಿದ ಜಾಗವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ.
* ಗಾಯವನ್ನು ಬೆಕ್ಕು ನೆಕ್ಕಲು ಬಿಡಬೇಡಿ.
* ಚಿಗಟದ ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ. ನಾಯಿಗಳಿಗೆಂದು ಮಾರುವ ಕೆಲವು ಔಷಧಿಗಳು ಬೆಕ್ಕಿಗೆ ವಿಷ.
* ಉಗುರಿನ ತುದಿ ಕತ್ತರಿಸಿದರೆ ಸಾಕು, ಉಗುರನ್ನೇ ಕೀಳಿಸುವ ಆಪರೇಷನ್ ಬೇಡ. ಪಕ್ಕದ ನ್ಯೂಯಾರ್ಕ್ ರಾಜ್ಯ 2019ರಲ್ಲೇ ಅದನ್ನು ನಿಷೇಧಿಸಿದೆ.
* ಮನೆಯಲ್ಲಿ ಕೀಮೋಥೆರಪಿ ಪಡೆಯುತ್ತಿರುವವರು ಅಥವಾ ಕಿಡ್ನಿ ಕಸಿ ಮಾಡಿಸಿಕೊಂಡವರು ಇದ್ದರೆ ಮರಿಯ ಬದಲು ದೊಡ್ಡ ಬೆಕ್ಕನ್ನು ತನ್ನಿ.

ನಮ್ಮ ಮನೆಯ ಬೆಕ್ಕು ಈಗಲೂ ಮನೆಯಲ್ಲೇ ಇದೆ. ನಿಮ್ಮದನ್ನೂ ಹೊರಗೆ ಹಾಕಬೇಕಾಗಿಲ್ಲ, ಚಿಗಟವನ್ನು ಹೊರಗಿಟ್ಟರೆ ಸಾಕು!