ಐಸೆಲ್ ದಡದ ಡೇವೆಂಟರ್ ನಗರ

ನದಿಯ ದಡದಲ್ಲಿ ಹುಟ್ಟಿದ ಊರುಗಳಿಗೆ ನದಿಯೇ ಮೂಲಧನ. ನೀರು ಆಳವಾಗಿದ್ದು ಹಡಗು ದೋಣಿಗಳು ನಡೆಯುವವರೆಗೆ ಊರು ಬೆಳೆಯುತ್ತದೆ. ಹೂಳು ತುಂಬಿ ದೋಣಿ ನಿಂತಿತೆಂದರೆ ಸಂತೆ ಬರಿದಾಗುತ್ತದೆ, ವರ್ತಕರು ಬೇರೆ ಊರನ್ನು ಹುಡುಕುತ್ತಾರೆ. ಲೋಕದಲ್ಲಿ ಇಂತಹ ಊರುಗಳು ಅನೇಕ ಉಂಟು. ನಾವು ವಾಡಿಕೆಯಾಗಿ ಹಾಲೆಂಡ್ ಎಂದು ಕರೆಯುವ ನೆದರ್ಲೆಂಡ್ಸ್ ದೇಶದ ಪೂರ್ವಭಾಗದಲ್ಲಿರುವ ಡೇವೆಂಟರ್ ಎಂಬ ನಗರಕ್ಕೂ ಈ ಗತಿ ಬಂದಿತು. ಆದರೂ ಅದು ಅಳಿಯಲಿಲ್ಲ, ಮರೆವಿಗೂ ಸಲ್ಲಲಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಸ್ಥಳದ ಪರಿಚಯ. ಜರ್ಮನಿಯಿಂದ ಹರಿದು ಬರುವ ರೈನ್ ಮಹಾನದಿಯು ನೆದರ್ಲೆಂಡ್ಸನ್ನು ಹೊಕ್ಕ ಕೂಡಲೆ ಕವಲೊಡೆಯುತ್ತದೆ. ಆರ್ನ್‌ಹೆಮ್ ನಗರದ ಬಳಿ ಬೇರೆಯಾಗಿ ಉತ್ತರಕ್ಕೆ ತಿರುಗುವ ಕವಲಿಗೆ ಐಸೆಲ್ ಎಂದು ಹೆಸರು. ಸುಮಾರು 125 ಕಿಲೋಮೀಟರು ಹರಿದು ಅದು ಈಗಿನ ಐಸೆಲ್ ಸರೋವರವನ್ನು ಸೇರುತ್ತದೆ. 1932ರಲ್ಲಿ ಡಚ್ಚರು ಅಡ್ಡಕಟ್ಟೆಯನ್ನು ಹಾಕುವವರೆಗೆ ಆ ಸರೋವರವು ಸಮುದ್ರದ ಒಂದು ಕೊಲ್ಲಿಯಾಗಿದ್ದಿತು. ಹೀಗೆ ಐಸೆಲ್ ನದಿಯು ಜರ್ಮನಿಯ ಒಳನಾಡನ್ನು ಉತ್ತರ ಸಮುದ್ರಕ್ಕೆ ಜೋಡಿಸುವ ಒಂದು ಹೆದ್ದಾರಿಯಾಗಿದ್ದಿತೆನ್ನಬಹುದು. ಆ ಹೆದ್ದಾರಿಯ ಪೂರ್ವದಡದಲ್ಲಿ, ಸ್ವಲ್ಪ ಎತ್ತರವಾದ ನೆಲದ ಮೇಲೆ, ಡೇವೆಂಟರ್ ನಿಂತಿದೆ.

ಊರಿನ ಮೊದಲ ಹೆಸರುವಾಸಿ ಒಬ್ಬ ಸಂನ್ಯಾಸಿಯಿಂದ ಬಂದುದು. ಕ್ರಿ.ಶ. 768ರ ಸುಮಾರಿನಲ್ಲಿ ಇಂಗ್ಲೆಂಡಿನಿಂದ ಲೆಬುಯಿನಸ್ ಎಂಬ ಕ್ರೈಸ್ತ ಯತಿಯು ಬಂದು ಇಲ್ಲಿ ಮರದ ಒಂದು ಚಿಕ್ಕ ದೇವಾಲಯವನ್ನು ಕಟ್ಟಿದನು. ಹೊಸ ಮತವನ್ನು ಒಪ್ಪದ ಸ್ಯಾಕ್ಸನ್ ಜನರು ಅದನ್ನು ಸುಟ್ಟರು. ಮತ್ತೆ ಕಟ್ಟಿದರು. 882ರಲ್ಲಿ ವೈಕಿಂಗರೆಂಬ ಉತ್ತರದ ಕಡಲುಗಳ್ಳರು ನದಿಯಲ್ಲಿ ಮೇಲಕ್ಕೆ ಬಂದು ಊರನ್ನು ಸೂರೆಗೊಂಡರು. ಜನರು ಆಮೇಲೆ ಸುತ್ತಲೂ ಮಣ್ಣಿನ ಕೋಟೆಯನ್ನೆಬ್ಬಿಸಿ ಅಲ್ಲಿಯೇ ಉಳಿದರು. ಸಂನ್ಯಾಸಿಯ ಹೆಸರಿನ ದೇವಾಲಯವು 11ನೆಯ ಶತಮಾನದಲ್ಲಿ ಕಲ್ಲಿನ ಕಟ್ಟಡವಾಯಿತು. ಪುನಃ ಪುನಃ ವಿಸ್ತಾರವಾಗಿ ಇಂದಿಗೂ ನದಿಯ ಕಡೆಯಿಂದ ನೋಡುವವರಿಗೆ ಮೊದಲು ಕಾಣುವುದು ಅದರ ಗೋಪುರವೇ.

ಮುಂದೆ ವ್ಯಾಪಾರದ ಕಾಲ. ಉತ್ತರ ಯೂರೋಪಿನ ವರ್ತಕ ನಗರಗಳು ಹಾನ್ಸ ಎಂಬ ಒಂದು ಕೂಟವನ್ನು ಮಾಡಿಕೊಂಡು, ಲಂಡನಿನಿಂದ ರಷ್ಯದವರೆಗೆ ವ್ಯಾಪಾರ ನಡೆಸುತ್ತಿದ್ದ ಸಂಗತಿ ಚರಿತ್ರೆಯನ್ನೋದಿದವರಿಗೆ ತಿಳಿದುದೇ. ಡೇವೆಂಟರ್ ಆ ಕೂಟದ ಗಣ್ಯ ನಗರಗಳಲ್ಲೊಂದು. ಅಲ್ಲಿಯ ವರ್ತಕರು ನಾರ್ವೆಯ ಬರ್ಗೆನ್ ರೇವಿಗೆ ಹೋಗಿ ಗಾಳಿಯಲ್ಲಿ ಒಣಗಿಸಿದ ಮೀನನ್ನು ತರುತ್ತಿದ್ದರು. ರೈನ್ ಸೀಮೆಯ ದ್ರಾಕ್ಷಾರಸ, ಮರ, ಬಟ್ಟೆ, ಬೆಣ್ಣೆ ಇವೆಲ್ಲ ಅಲ್ಲಿ ಕೈಬದಲಾಗುತ್ತಿದ್ದುವು. ವರ್ಷಕ್ಕೆ ಐದು ದೊಡ್ಡ ಜಾತ್ರೆಗಳು ಸೇರುತ್ತಿದ್ದುವು. ಜಾತ್ರೆ ನಡೆಯುತ್ತಿದ್ದ ಬ್ರಿಂಕ್ ಎಂಬ ವಿಶಾಲವಾದ ಚೌಕದಲ್ಲಿ ತೂಕದ ಮನೆಯೊಂದಿದೆ. 1528ರಲ್ಲಿ ಕಟ್ಟಿದ ಈ ಮನೆಯಲ್ಲಿ ನಗರದ ಅಧಿಕಾರಿಗಳೇ ಸರಕನ್ನು ತೂಗಿ ಕೊಡುತ್ತಿದ್ದರು. ಅದರ ಹೊರಗೋಡೆಯ ಮೇಲೆ ಒಂದು ದೊಡ್ಡ ತಾಮ್ರದ ಕೊಪ್ಪರಿಗೆ ತೂಗುಹಾಕಿದೆ. 1434ರಲ್ಲಿ ಖೋಟಾ ನಾಣ್ಯವನ್ನು ಹೊಯ್ದವನೊಬ್ಬನನ್ನು ಅದರಲ್ಲಿ ಬೇಯಿಸಿ ಕೊಂದರೆಂದು ಹೇಳುತ್ತಾರೆ. ಶಿಕ್ಷೆ ಘೋರವಾದುದು, ಸಂದೇಹವಿಲ್ಲ. ಆದರೆ ತೂಕವೂ ನಾಣ್ಯವೂ ಸುಳ್ಳಾದರೆ ತನ್ನ ಬಾಳೇ ಸುಳ್ಳಾಗುವುದೆಂದು ಆ ವರ್ತಕ ನಗರವು ಎಷ್ಟರಮಟ್ಟಿಗೆ ಭಯಪಡುತ್ತಿದ್ದಿತೆಂಬುದನ್ನು ಆ ಕೊಪ್ಪರಿಗೆ ಹೇಳುತ್ತದೆ.

ಇಷ್ಟೇ ಆಗಿದ್ದರೆ ಡೇವೆಂಟರಿನ ವಿಷಯವಾಗಿ ನಾವು ಹೆಚ್ಚು ಮಾತನಾಡಬೇಕಾದುದಿರಲಿಲ್ಲ. ಅಂತಹ ಸಂಪನ್ನವಾದ ಪೇಟೆಗಳು ಆಗ ಇನ್ನೂ ಇದ್ದುವು. ಈ ಪೇಟೆಯ ಹಣವು ಬೇರೊಂದು ದಾರಿಯನ್ನು ಹಿಡಿದುದೇ ವಿಶೇಷ.

1340ರಲ್ಲಿ ಇಲ್ಲಿಯ ಒಬ್ಬ ಸಿರಿವಂತ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಗೇರ್ಟ್ ಗ್ರೋಟೆ ಎಂಬವನು ಹುಟ್ಟಿದನು. ತಂದೆ ನಗರಸಭೆಯ ಸದಸ್ಯ. ಮಗನು ಪ್ಯಾರಿಸ್ಸಿಗೆ ಹೋಗಿ ವಿದ್ವಾಂಸನಾದನು; ಚರ್ಚಿನ ಆದಾಯಗಳನ್ನು ಪಡೆದು ಸುಖವಾಗಿಯೇ ಬಾಳಿದನು. ಮೂವತ್ತು ವರ್ಷ ಕಳೆದಮೇಲೆ ಅವನಿಗೆ ವೈರಾಗ್ಯ ಉಂಟಾಯಿತು. 1374ರಲ್ಲಿ ತನ್ನ ಮನೆಯನ್ನು ದೇವಚಿಂತನೆಯಲ್ಲಿ ಬಾಳಬಯಸುವ ಬಡ ಹೆಂಗಸರಿಗೆ ಬಿಟ್ಟುಕೊಟ್ಟನು. ಆಮೇಲೆ ಊರೂರಿಗೆ ಹೋಗಿ ಜನರ ಮಾತಿನಲ್ಲಿಯೇ ಉಪದೇಶಮಾಡತೊಡಗಿದನು. ಪಾದ್ರಿಗಳ ದುರಾಚಾರವನ್ನು ಮುಚ್ಚುಮರೆಯಿಲ್ಲದೆ ಖಂಡಿಸಿದುದರಿಂದ 1383ರಲ್ಲಿ ಅವನ ಬಾಯಿಗೆ ತಡೆ ಬಂದಿತು. ಮಾರನೆಯ ವರ್ಷವೇ ಪ್ಲೇಗು ಅವನನ್ನು ಕೊಂಡೊಯ್ದಿತು.

ಗ್ರೋಟೆ ಕೆಲವೇ ವರ್ಷಗಳಲ್ಲಿ ಬಿತ್ತಿದ ಬೀಜ ಮಾತ್ರ ಮೊಳೆಯಿತು. ಅವನ ಶಿಷ್ಯನಾದ ಫ್ಲೋರೆನ್ಸ್ ರಾಡೆವೈನ್ಸನ ಮನೆಯಲ್ಲಿ ಕೆಲವರು ಒಟ್ಟಾಗಿ ಬಾಳತೊಡಗಿದರು. ಇವರಿಗೆ ಸಾಮಾನ್ಯ ಜೀವನದ ಸೋದರರೆಂದು ಹೆಸರಾಯಿತು. ಅವರು ಸಂನ್ಯಾಸದ ದೀಕ್ಷೆಯನ್ನು ತೊಡಲಿಲ್ಲ. ಭಿಕ್ಷೆ ಬೇಡುವುದು ಅವರ ನಿಯಮಕ್ಕೆ ವಿರೋಧ. ತಮ್ಮ ಅನ್ನವನ್ನು ತಾವೇ ದುಡಿದು ತಿನ್ನಬೇಕು. ದುಡಿದುದು ಎಲ್ಲರಿಗೂ ಸಮಾನವಾಗಿ ಸೇರಬೇಕು. ಹಾಗಾದರೆ ಯಾವ ಕೆಲಸ? ಪುಸ್ತಕಗಳನ್ನು ಪ್ರತಿಮಾಡುವುದು. ಆಗ ಅಚ್ಚುಕೂಟಗಳಿನ್ನೂ ಹುಟ್ಟಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬರೆದರೂ ಒಂದು ಗ್ರಂಥ ಮುಗಿಯುವುದಕ್ಕೆ ಮಾಸಗಳು ಬೇಕು. ಒಂದು ಅಕ್ಷರ ತಪ್ಪಿದರೆ ಅರ್ಥ ಕೆಡುತ್ತದೆ. ತಪ್ಪಿಲ್ಲದ ಪ್ರತಿಯನ್ನು ಬರೆಯುವುದೇ ಅವರಿಗೆ ಕಸಬೂ ಆಯಿತು, ಪೂಜೆಯೂ ಆಯಿತು. ಸರಿಯಾದ ತೂಕಕ್ಕೆ ಹೆಸರಾದ ಊರಿನಲ್ಲಿ ಸರಿಯಾದ ಪಾಠಕ್ಕೂ ಬೆಲೆ ಬಂದಿತು.

ಈ ಸೋದರರು ಹೊರ ಊರುಗಳಿಂದ ಓದುವುದಕ್ಕೆ ಬಂದ ಬಡ ಹುಡುಗರಿಗೆ ಆಶ್ರಯವನ್ನು ಕೊಟ್ಟರು. ಹಾಗೆ ರೈನ್ ಸೀಮೆಯ ಕೆಂಪನ್ ಎಂಬ ಊರಿನಿಂದ 1392ರ ಸುಮಾರಿನಲ್ಲಿ ಹದಿಮೂರು ವರ್ಷದ ಹುಡುಗನೊಬ್ಬನು ಬಂದನು. ಮುಂದೆ ಅವನೇ ಥಾಮಸ್ ಆ ಕೆಂಪಿಸ್ ಎಂದು ಲೋಕಪ್ರಸಿದ್ಧನಾದನು. 'ಕ್ರಿಸ್ತಾನುಕರಣ'ವೆಂದು ಕನ್ನಡದಲ್ಲಿ ಕರೆಯಬಹುದಾದ ಅವನ ಗ್ರಂಥವು ಕ್ರೈಸ್ತರಲ್ಲಿ ಬೈಬಲನ್ನು ಬಿಟ್ಟರೆ ಅತ್ಯಂತ ಹೆಚ್ಚಾಗಿ ಓದಲ್ಪಟ್ಟ ಪುಸ್ತಕಗಳಲ್ಲೊಂದು. ಥಾಮಸನು ಜರ್ಮನಿಯವನಾದರೂ ಅವನ ಮನಸ್ಸನ್ನು ತಿದ್ದಿದುದು ಡೇವೆಂಟರ್. ಲಿಪಿಕಾರನ ಅಭ್ಯಾಸವನ್ನೂ ಅವನು ಕಡೆಯವರೆಗೆ ಬಿಡಲಿಲ್ಲ.

ಊರಿನ ಲ್ಯಾಟಿನ್ ಪಾಠಶಾಲೆಯು ದೇವಾಲಯಕ್ಕೆ ಸೇರಿದುದು. ಸೋದರರ ಪ್ರಭಾವವೂ ನಗರದ ಸಂಪತ್ತೂ ಕೂಡಿ ಅದು ಉತ್ತರ ಯೂರೋಪಿನಲ್ಲಿ ಹೆಸರಾಯಿತು. ತತ್ತ್ವಜ್ಞಾನಿಯಾದ ನಿಕೋಲಾಸ್ ಆಫ್ ಕೂಸ ಎಂಬ ಧರ್ಮಾಧಿಕಾರಿಯು ಬಿಟ್ಟುಹೋದ ಹಣದಿಂದ 1469ರಲ್ಲಿ ಇಲ್ಲಿ ಬಡ ವಿದ್ಯಾರ್ಥಿಗಳ ನಿಲಯವೊಂದು ಏರ್ಪಟ್ಟಿತು. 1483ರಲ್ಲಿ ಅಲೆಕ್ಸಾಂಡರ್ ಹೇಗಿಯಸ್ ಎಂಬ ಉಪಾಧ್ಯಾಯನು ಶಾಲೆಯ ಮುಖ್ಯಸ್ಥನಾದನು. ಆಲ್ಪ್ಸ್ ಪರ್ವತಗಳ ಉತ್ತರದಲ್ಲಿ ಶಾಲೆಯ ಹುಡುಗರಿಗೆ ಗ್ರೀಕ್ ಭಾಷೆಯನ್ನು ಕಲಿಸಿದ ಮೊದಲಿಗರಲ್ಲಿ ಇವನೊಬ್ಬ. 1498ರಲ್ಲಿ ಇವನು ತೀರಿಕೊಂಡಾಗ ಪುಸ್ತಕಗಳು, ಉಡುಪು ಇವಲ್ಲದೆ ಬೇರೆ ಆಸ್ತಿ ಇರಲಿಲ್ಲವೆಂದು ಹೇಳುತ್ತಾರೆ.

ಆ ಶಾಲೆಯಲ್ಲಿ ಓದಿದವರ ಪೈಕಿ ಅತ್ಯಂತ ದೊಡ್ಡ ಹೆಸರು ಎರಾಸ್ಮಸ್‌ನದು. ಇನ್ನೂ ಬಾಲಕನಾಗಿದ್ದಾಗ ತಾಯಿಯೊಡನೆ ಅವನು ಡೇವೆಂಟರಿಗೆ ಬಂದನು. ಹೇಗಿಯಸನ ಪಾಠವು ಹಬ್ಬದ ದಿವಸಗಳಲ್ಲಿ ಮಾತ್ರ, ಎಲ್ಲ ಹುಡುಗರಿಗೂ ಒಟ್ಟಾಗಿ ನಡೆದಾಗ, ಅವನ ಕಿವಿಗೆ ಬೀಳುತ್ತಿದ್ದಿತು. ಶಾಲೆಯ ಹಳೆಯ ಕ್ರಮವನ್ನು ಅವನು ಮುಂದೆ ಹೊಗಳಲಿಲ್ಲ. ಆದರೆ ಈ ಗುರುವನ್ನು ಮಾತ್ರ ಯಾವಾಗಲೂ ಗೌರವದಿಂದ ನೆನೆದನು. ಪ್ಲೇಗು ಬಂದು ತಾಯಿ ಸತ್ತಳು. 1484ರಲ್ಲಿ ಹುಡುಗನು ಊರನ್ನು ಬಿಟ್ಟನು. ಯೂರೋಪಿನ ವಿದ್ವತ್ತಿನ ದಿಕ್ಕನ್ನೇ ಬದಲಿಸಿದ ಆ ಮಹನೀಯನು ಮೊದಲು ಒಳ್ಳೆಯ ಲ್ಯಾಟಿನ್ನಿನ ರುಚಿಯನ್ನು ಕಂಡುಕೊಂಡುದು ಈ ಶಾಲೆಯಲ್ಲಿಯೇ.

ಶಾಲೆಯಿದ್ದಲ್ಲಿ ಪುಸ್ತಕಕ್ಕೆ ಗಿರಾಕಿ ಉಂಟು. ವ್ಯಾಪಾರದ ನದಿಯಿದ್ದಲ್ಲಿ ಕಾಗದ ತರುವುದಕ್ಕೂ ಪುಸ್ತಕ ಕಳುಹಿಸುವುದಕ್ಕೂ ದೋಣಿ ಉಂಟು. ಇದನ್ನು ಕಂಡು ರಿಚರ್ಡ್ ಪಾಫ್ರಾಟ್ ಎಂಬವನು ಕಲೋನ್ ನಗರದಿಂದ ಬಂದು 1477ರಲ್ಲಿ ಇಲ್ಲಿ ಅಚ್ಚುಕೂಟವನ್ನು ತೆರೆದನು. ಹೇಗಿಯಸನು ಈ ಮುದ್ರಕನ ಮನೆಯಲ್ಲಿಯೇ ವಾಸವಾಗಿದ್ದನೆಂಬುದು ಗಮನಾರ್ಹ. ಗುರುವಿಗೂ ಮುದ್ರಕನಿಗೂ ಒಂದೇ ಸೂರು! ಸ್ವಲ್ಪ ಕಾಲದಲ್ಲಿ ಯಾಕೋಬ್ ವಾನ್ ಬ್ರೇಡ ಎಂಬ ಇನ್ನೊಬ್ಬ ಮುದ್ರಕನೂ ಸೇರಿದನು. 1500ನೆಯ ಇಸವಿಗೆ ಮುಂಚೆ ಆ ನಾಡಿನ ಬೇರಾವ ನಗರದಲ್ಲಿಯೂ ಡೇವೆಂಟರಿನಲ್ಲಾದಷ್ಟು ಪುಸ್ತಕಗಳು ಅಚ್ಚಾಗಲಿಲ್ಲ. ಅವುಗಳಲ್ಲಿ ಬಹುಪಾಲು ಶಾಲೆಯ ಹುಡುಗರಿಗೆ ಬೇಕಾದ ಸಣ್ಣ ಪಠ್ಯಗಳೆಂಬುದನ್ನು ನಾವು ಮರೆಯಬಾರದು.

ಇಲ್ಲಿಂದ ಮುಂದೆ ಇಳಿತರ. ರೈನಿನ ನೀರು ಬೇರೆ ಕವಲುಗಳಿಗೆ ಹೆಚ್ಚಾಗಿ ಹರಿದು ಐಸೆಲ್ ಬಡವಾಯಿತು. ತಳದಲ್ಲಿ ಮರಳು ನಿಂತಿತು. ಇತ್ತ ಹಡಗುಗಳು ದೊಡ್ಡವಾಗುತ್ತಾ ಬಂದುವು. ಪಶ್ಚಿಮದ ಕರಾವಳಿಯಲ್ಲಿ ಆಂಸ್ಟರ್‌ಡಾಮ್ ತಲೆಯೆತ್ತಿತು. ಇದರ ಮೇಲೆ ಸ್ಪೇನಿನ ದೊರೆಯ ವಿರುದ್ಧವಾಗಿ ಡಚ್ಚರೆದ್ದ ದೀರ್ಘ ಯುದ್ಧ. ಡೇವೆಂಟರ್ 1578ರಲ್ಲಿ ಡಚ್ಚರ ಕೈಗೆ ಬಂದಿತು. 1587ರಲ್ಲಿ ಅದನ್ನು ಕಾಯಬೇಕಾಗಿದ್ದ ಇಂಗ್ಲಿಷ್ ದಳಪತಿ ವಿಲಿಯಂ ಸ್ಟ್ಯಾನ್ಲಿ ಎಂಬವನೇ ಅದನ್ನು ಶತ್ರುವಿಗೆ ಒಪ್ಪಿಸಿದನು. 1591ರಲ್ಲಿ ರಾಜಕುಮಾರ ಮಾರಿಸನು ಮುತ್ತಿಗೆ ಹಾಕಿ ಮರಳಿ ಗೆದ್ದನು. ಇಷ್ಟು ಪೆಟ್ಟನ್ನು ತಿಂದ ಪೇಟೆಗೆ ಹಳೆಯ ಕಳೆ ಮತ್ತೆ ಬರಲಿಲ್ಲ. 1562ರಲ್ಲಿ ಇಲ್ಲಿ ಹುಟ್ಟಿದ ಪ್ರಸಿದ್ಧ ಸಂಗೀತಗಾರ ಸ್ವೇಲಿಂಕನು ಎಳೆಯ ವಯಸ್ಸಿನಲ್ಲಿಯೇ ಆಂಸ್ಟರ್‌ಡಾಮಿನ ಪಾಲಾದನು. ಹಣ ಹೋದ ದಾರಿಯಲ್ಲಿಯೇ ಪ್ರತಿಭೆಯೂ ಹೋಗುವುದು ಲೋಕಸ್ವಭಾವ.

ಆದರೆ ಈ ಇಳಿತರದ ಕಾಲದಲ್ಲಿಯೇ ನಗರಸಭೆ ಮಾಡಿದ ಒಂದು ಕಾರ್ಯವನ್ನು ನೋಡಿರಿ. 1560ರಲ್ಲಿ, ತೀರಿಕೊಂಡ ಒಬ್ಬ ಪಾದ್ರಿಯ ಪುಸ್ತಕಗಳನ್ನು ಕೊಂಡು ಅದು ನಗರದ ಪುಸ್ತಕಭಂಡಾರವನ್ನು ಆರಂಭಿಸಿತು. 1630ರಲ್ಲಿ ಅಥೀನಿಯಂ ಎಂಬ ಉಚ್ಚ ವಿದ್ಯಾಶಾಲೆ ಸ್ಥಾಪಿತವಾಗಿ, ಭಂಡಾರಕ್ಕೂ ಕಾಲಕ್ರಮದಲ್ಲಿ ಅದೇ ಹೆಸರು ನಿಂತಿತು. ಮಠಗಳು ಮುಚ್ಚಿದಾಗ ಸೋದರರ ಕೈಬರೆಹಗಳು ಇಲ್ಲಿ ಆಶ್ರಯ ಪಡೆದುವು. ಪಾಫ್ರಾಟನ ಅಚ್ಚಿನ ಪುಸ್ತಕಗಳೂ ಇಲ್ಲಿವೆ. ಹದಿನೇಳನೆಯ ಶತಮಾನದಲ್ಲಿ ಟೆರ್ ಬಾರ್ಖ್ ಎಂಬ ಮಹಾಚಿತ್ರಕಾರನು ಈ ಊರಿನಲ್ಲಿ ನೆಲೆಸಿ, ನಗರಸಭೆಯಲ್ಲಿಯೂ ಕುಳಿತು, 1681ರಲ್ಲಿ ಇಲ್ಲಿಯೇ ತೀರಿಕೊಂಡನು. 1667ರಲ್ಲಿ ಅವನು ಬರೆದ ನಗರಾಧಿಕಾರಿಗಳ ಚಿತ್ರವು ಪುರಭವನದಲ್ಲಿದೆ. ಕಪ್ಪು ಉಡುಪಿನ ಆ ಗಂಭೀರ ಮುಖಗಳನ್ನು ನೋಡಿದರೆ, ಸಂಪತ್ತು ಕುಗ್ಗಿದರೂ ಮರ್ಯಾದೆಯನ್ನು ಕುಗ್ಗಿಸಿಕೊಳ್ಳದ ಮನೆತನಗಳ ನೆನಪಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಊರಿಗೆ ಅತ್ಯಂತ ಕಠಿನವಾದ ಪರೀಕ್ಷೆ ಬಂದಿತು. ಲೆವಿ ಹಿಲ್ಲೆಸುಮ್ ಎಂಬ ಯೆಹೂದಿ ವಿದ್ವಾಂಸನು 1928ರಿಂದ ಇಲ್ಲಿಯ ಜಿಮ್ನೇಸಿಯಂ ಎಂಬ ಪ್ರೌಢಶಾಲೆಯ ಮುಖ್ಯಸ್ಥನಾಗಿದ್ದನು. ಹೇಗಿಯಸನಂತೆಯೇ ಗ್ರೀಕ್ ಲ್ಯಾಟಿನ್‌ಗಳನ್ನು ಬಲ್ಲವನು. ಜರ್ಮನರು ನಾಡನ್ನು ಆಕ್ರಮಿಸಿದ ಮೇಲೆ ಯೆಹೂದಿಯೆಂಬ ಒಂದೇ ಕಾರಣಕ್ಕಾಗಿ ಅವನನ್ನು ಕೆಲಸದಿಂದ ತೆಗೆದರು. ಅವನ ಮಗಳು ಎಟ್ಟಿ ಈ ಊರಿನಲ್ಲಿ ಬೆಳೆದು ಆಂಸ್ಟರ್‌ಡಾಮಿಗೆ ಓದಲು ಹೋದವಳು. 1941ರಲ್ಲಿ ದಿನಚರಿಯನ್ನು ಬರೆಯಲಾರಂಭಿಸಿದಳು. 1943ರ ಸೆಪ್ಟೆಂಬರ್ 7ರಂದು ತಂದೆ, ತಾಯಿ, ಒಬ್ಬ ತಮ್ಮ ಇವರೊಡನೆ ಅವಳನ್ನೂ ರೈಲಿಗೆ ಹತ್ತಿಸಿ ಆಷ್ವಿಟ್ಸಿಗೆ ಕಳುಹಿಸಿದರು. ಯಾರೂ ಹಿಂದಿರುಗಲಿಲ್ಲ. ದಿನಚರಿಯ ಹಸ್ತಪ್ರತಿ ಮಾತ್ರ ಉಳಿದಿತ್ತು. 1981ರಲ್ಲಿ ಅದು ಅಚ್ಚಾದಾಗ, ದ್ವೇಷಕ್ಕೆ ದ್ವೇಷವನ್ನು ಹಿಂದಿರುಗಿಸಲೊಪ್ಪದ ಆ ತರುಣಿಯ ಬರೆವಣಿಗೆಯನ್ನು ಅನೇಕ ದೇಶಗಳ ಜನ ಓದಿದರು. ಒಂದು ಕುಟುಂಬವನ್ನು ಅಳಿಸಿಬಿಟ್ಟವರಿಗೆ ಕೆಲವು ನೋಟುಪುಸ್ತಕಗಳನ್ನು ಅಳಿಸಲಾಗಲಿಲ್ಲ.

ಯುದ್ಧದ ಕಡೆಯ ತಿಂಗಳುಗಳಲ್ಲಿ ನದಿಯೇ ಊರಿಗೆ ಅಪಾಯವನ್ನು ತಂದಿತು. ಸೇತುವೆಗಳನ್ನು ಕೆಡಹಬೇಕೆಂದು ಮಿತ್ರಪಕ್ಷದ ವಿಮಾನಗಳು ಹಾಕಿದ ಬಾಂಬುಗಳು ಪಕ್ಕದ ಮನೆಗಳ ಮೇಲೂ ಬಿದ್ದುವು. 1945ರ ಏಪ್ರಿಲ್ 10ರಂದು ಕೆನಡದ ಸೇನೆ ಬಂದು ಊರನ್ನು ಬಿಡಿಸಿತು. ತರುವಾಯ ಬೆಟ್ಟದ ಕೇರಿಯೆಂಬ ಅರ್ಥದ ಹಳೆಯ ಭಾಗವು ಪಾಳುಬಿದ್ದು, ಅದನ್ನು ಕೆಡಹಿಬಿಡುವುದೇ ಲೇಸೆಂಬ ಮಾತು ಬಂದಿತು. 1960ರ ದಶಕದ ಕೊನೆಯಲ್ಲಿ ನಾಗರಿಕರು ಒಂದು ಸಂಘವನ್ನು ಮಾಡಿಕೊಂಡು ಒಂದೊಂದೇ ಮನೆಯನ್ನು ಜೀರ್ಣೋದ್ಧಾರ ಮಾಡಿದರು. ವರ್ತಕರ ಆ ಮನೆಗಳಲ್ಲಿ ಈಗ ಸಂಸಾರಗಳು ವಾಸಿಸುತ್ತಿವೆ.

ಇಂದು ಡೇವೆಂಟರ್ ಸುಮಾರು ಒಂದು ಲಕ್ಷ ಜನರಿರುವ ನಗರ. ಜೇನು ಬೆರೆಸಿದ ಅಲ್ಲಿಯ ಗಟ್ಟಿ ರೊಟ್ಟಿ ನಾಡಿಗೆಲ್ಲ ಪ್ರಸಿದ್ಧ. 1989ರಿಂದ ಆಗಸ್ಟ್ ಮಾಸದ ಮೊದಲ ಭಾನುವಾರ ಅಲ್ಲಿ ಪುಸ್ತಕದ ಸಂತೆ ಸೇರುತ್ತದೆ. ಹಳೆಯ ಪುಸ್ತಕಗಳ ಅಂಗಡಿಗಳು ನದಿಯ ದಡದಲ್ಲಿಯೂ ಬೀದಿಗಳಲ್ಲಿಯೂ ಸುಮಾರು 6 ಕಿಲೋಮೀಟರು ಉದ್ದಕ್ಕೆ ಹಬ್ಬಿರುತ್ತವೆ. ಹಿಂದೆ ಒಣಮೀನು, ಬೆಣ್ಣೆಗಳ ಜಾತ್ರೆ ಸೇರುತ್ತಿದ್ದ ಊರಿನಲ್ಲಿ ಈಗ ಪುಸ್ತಕಗಳ ಜಾತ್ರೆ. ನದಿಯೊಡನೆಯೂ ಊರು ಹೊಸ ಒಪ್ಪಂದವನ್ನು ಮಾಡಿಕೊಂಡಿದೆ. ಏರಿಗಳನ್ನು ಎತ್ತರಿಸುತ್ತಲೇ ಹೋಗುವುದಕ್ಕೆ ಬದಲಾಗಿ, ನದಿಗೆ ಸ್ಥಳ ಬಿಡಬೇಕೆಂಬ ಯೋಜನೆಯಂತೆ, 2015ರ ವೇಳೆಗೆ ಎದುರುದಡದ ಬಯಲುಗಳಲ್ಲಿ ಪಕ್ಕದ ಕಾಲುವೆಗಳನ್ನು ತೋಡಿದರು. ಪ್ರವಾಹ ಬಂದಾಗ ನೀರು ಅಲ್ಲಿ ಹರಡಿಕೊಳ್ಳುತ್ತದೆ.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇಷ್ಟು. ನದಿ ತಂದ ಹಣವು ನದಿಯೊಡನೆಯೇ ಹೊರಟುಹೋಯಿತು. ಆ ಹಣದಲ್ಲಿ ಒಂದು ಅಲ್ಪಭಾಗವನ್ನು ಮಾತ್ರ ಊರು ಶಾಲೆಗೂ ಪುಸ್ತಕಕ್ಕೂ ತೆತ್ತಿದ್ದಿತು. ಡೇವೆಂಟರಿನ ಹೆಸರನ್ನು ಇಂದು ದೂರದೇಶದ ನಾವೂ ಹೇಳುವಂತೆ ಮಾಡಿರುವುದು ಆ ಅಲ್ಪಭಾಗವೇ. ಸಂಪತ್ತು ಕೈಯಲ್ಲಿರುವಾಗ ಅದರಲ್ಲಿ ಎಷ್ಟನ್ನು ಎಲ್ಲಿ ಇಡಬೇಕೆಂದು ಯೋಚಿಸುವ ಯಾವ ನಗರಕ್ಕಾದರೂ ಈ ಲೆಕ್ಕ ನೆನಪಿನಲ್ಲಿರುವುದು ಒಳ್ಳೆಯದು.