ಫು ಕ್ವೋಕ್ ದ್ವೀಪದಲ್ಲಿ ನಾಲ್ಕು ದಿನ: ಕಿರುವಿಹಾರಕ್ಕೊಂದು ಮುಂಗಡಪತ್ರ

ವರ್ಷವಿಡೀ ಅಂಗಡಿ, ಗೋದಾಮು, ಬ್ಯಾಂಕು ಹಾಗೂ ತೆರಿಗೆ ಕಚೇರಿಗಳ ನಡುವೆ ಓಡಾಡುವ ವ್ಯಾಪಾರಸ್ಥರಿಗೆ ಕುಟುಂಬದೊಡನೆ ಕಳೆಯಲು ದೊರೆಯುವ ಬಿಡುವು ಹೆಚ್ಚೆಂದರೆ ನಾಲ್ಕೈದು ದಿನ. ದೀರ್ಘ ಪ್ರವಾಸದಲ್ಲಿ ಒಂದು ದಿನ ವ್ಯರ್ಥವಾದರೆ ಸರಿದೂಗಿಸಿಕೊಳ್ಳಬಹುದು. ನಾಲ್ಕು ದಿನಗಳ ವಿಹಾರದಲ್ಲಿ ಒಂದು ದಿನವೆಂದರೆ ಬಂಡವಾಳದ ಕಾಲುಭಾಗ. ಆದುದರಿಂದ ಇಲ್ಲಿ ಖರ್ಚಿನ ಮೊತ್ತಕ್ಕಿಂತಲೂ ನಿರ್ಧಾರಗಳನ್ನು ಕೈಗೊಳ್ಳುವ ಕ್ರಮವೇ ಮುಖ್ಯವಾಗುತ್ತದೆ. ವಿಯೆಟ್ನಾಂನ ಫು ಕ್ವೋಕ್ ದ್ವೀಪ ಇದಕ್ಕೊಂದು ಉತ್ತಮ ನಿದರ್ಶನ.

ಥಾಯ್ಲೆಂಡ್ ಕೊಲ್ಲಿಯಲ್ಲಿರುವ ಫು ಕ್ವೋಕ್, ವಿಯೆಟ್ನಾಂನ ಅತಿ ದೊಡ್ಡ ದ್ವೀಪ. ತನ್ನ ದೇಶದ ಮುಖ್ಯ ಭೂಭಾಗಕ್ಕಿಂತ ಕಾಂಬೋಡಿಯಾದ ಕರಾವಳಿಗೇ ಅದು ಸಮೀಪ. 2012ರಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ, ಮೀನುಗಾರಿಕೆ ಮತ್ತು ಕಾಳುಮೆಣಸಿಗೆ ಹೆಸರಾಗಿದ್ದ ಈ ದ್ವೀಪವು ಪ್ರವಾಸೋದ್ಯಮದ ಕೇಂದ್ರವಾಗಿ ಮಾರ್ಪಟ್ಟಿದೆ.

ಋತುವೇ ಮೊದಲು

ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿಗೂ ಮಳೆ ತರುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ. ಮಕ್ಕಳ ಬೇಸಿಗೆ ರಜೆಯಲ್ಲಿ ಹೋಗುವವರಿಗೆ ಏಪ್ರಿಲ್ ಸೂಕ್ತ, ಮೇ ಸಂದೇಹಾಸ್ಪದ. ದಸರಾ ರಜೆ ಮಳೆಗಾಲದ ಕೊನೆಗೆ ಬೀಳುತ್ತದೆ. ದೀಪಾವಳಿಯ ನಂತರದ ದಿನಗಳು ಉತ್ತಮ. ವಿಯೆಟ್ನಾಮೀಯರ ಹೊಸವರ್ಷವಾದ 'ತೆತ್' ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವುದರಿಂದ ಆ ವಾರ ದರಗಳು ಏರಿರುತ್ತವೆ. ಪ್ರತಿ ತಿಂಗಳೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು 11 ಮತ್ತು 20ನೇ ತಾರೀಖುಗಳನ್ನು ತಪ್ಪಿಸಿ ದಿನ ಗೊತ್ತುಮಾಡಿಕೊಳ್ಳುವುದು ಮನಶ್ಶಾಂತಿಗೆ ಹಿತ.

ವೀಸಾ ವಿನಾಯಿತಿಯ ಮಿತಿ

ಫು ಕ್ವೋಕ್‌ಗೆ 30 ದಿನಗಳವರೆಗೆ ವೀಸಾ ಬೇಕಿಲ್ಲವೆಂಬ ಮಾತು ನಿಜ. 2014ರಿಂದ ಈ ಸೌಲಭ್ಯ ಜಾರಿಯಲ್ಲಿದೆ. ಆದರೆ ಇದು ಹೊರದೇಶದಿಂದ ದ್ವೀಪಕ್ಕೆ ಬಂದು, ಅಲ್ಲಿಯೇ ತಂಗಿ, ಅಲ್ಲಿಂದಲೇ ಹೊರದೇಶಕ್ಕೆ ಮರಳುವವರಿಗೆ ಮಾತ್ರ. ಹೋ ಚಿ ಮಿನ್ಹ್ ನಗರದಲ್ಲಿ ಒಂದು ರಾತ್ರಿ ತಂಗುವವರಿಗೆ ವೀಸಾ ಕಡ್ಡಾಯ. ವಿನಾಯಿತಿಯನ್ನು ನಂಬಿ ಅಗ್ಗದ ಟಿಕೆಟ್ ಮೊದಲು ಕೊಂಡು, ಮಾರ್ಗವನ್ನು ಆಮೇಲೆ ನೋಡುವವರು ಎಡವುವುದು ಇಲ್ಲಿಯೇ.

ಒಂದು ಪ್ರವೇಶದ ಇ-ವೀಸಾ ಶುಲ್ಕ 25 ಡಾಲರ್. ನಾಲ್ವರ ಕುಟುಂಬಕ್ಕೆ 100 ಡಾಲರ್. ಈ ಮೊತ್ತವನ್ನು ಉಳಿಸಲು ಹೋಗಿ ವಿಮಾನ ನಿಲ್ದಾಣದಲ್ಲಿ ಪ್ರಯಾಣವೇ ರದ್ದಾದರೆ ನಷ್ಟ ಅದರ ಹಲವು ಪಟ್ಟು. ಮಾರ್ಗದ ಬಗ್ಗೆ ಕಿಂಚಿತ್ ಸಂದೇಹವಿದ್ದರೂ ಈ ಶುಲ್ಕವನ್ನು ವಿಮಾ ಕಂತೆಂದು ಭಾವಿಸಿ ತೆರುವುದೇ ಲೇಸು. ಅರ್ಜಿಯನ್ನು ಅಲ್ಲಿನ ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ಸಲ್ಲಿಸಬೇಕು. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು.

ವಸತಿ ಮತ್ತು ಆಹಾರ

ದ್ವೀಪದ ಉದ್ದ ಸುಮಾರು 50 ಕಿ.ಮೀ. ಉತ್ತರದಲ್ಲಿ ರಾಷ್ಟ್ರೀಯ ಉದ್ಯಾನ, ಮೃಗವಿಹಾರ ಹಾಗೂ ಮೆಣಸಿನ ತೋಟಗಳು. ನಡುವೆ ದುವಾಂಗ್ ದೊಂಗ್ ಪಟ್ಟಣ ಮತ್ತು ರಾತ್ರಿ ಸಂತೆ. ದಕ್ಷಿಣದಲ್ಲಿ ಹೋನ್ ಥೋಮ್ ನಡುಗಡ್ಡೆಗೆ ಸಮುದ್ರದ ಮೇಲೆ ಸಾಗುವ, 2018ರಲ್ಲಿ ಆರಂಭವಾದ ಸುಮಾರು 7.9 ಕಿ.ಮೀ. ಉದ್ದದ ಕೇಬಲ್ ಕಾರ್, ಹಾಗೂ ಯುದ್ಧಕಾಲದ ಸೆರೆಮನೆಯ ಸ್ಮಾರಕ. ನಾಲ್ಕು ದಿನಗಳಲ್ಲಿ ಎರಡು ಬಾರಿ ಹೋಟೆಲ್ ಬದಲಿಸುವುದು ಕಾಲಹರಣ. ಒಣ ಋತುವಿನಲ್ಲಿ ಪಶ್ಚಿಮ ತೀರದ ಮಧ್ಯಭಾಗದಲ್ಲಿ ತಂಗಿ, ಒಂದು ದಿನ ಉತ್ತರಕ್ಕೆ, ಒಂದು ದಿನ ದಕ್ಷಿಣಕ್ಕೆ ಹೋಗಿಬರುವುದು ಅನುಕೂಲ.

ಸಸ್ಯಾಹಾರಿಗಳು ಒಂದು ಎಚ್ಚರಿಕೆ ವಹಿಸಬೇಕು. ಬೂತಾಯಿಯ ಬಳಗಕ್ಕೆ ಸಮೀಪದ ಸಣ್ಣ ಮೀನುಗಳನ್ನು ಉಪ್ಪಿನೊಡನೆ ಮರದ ಪೀಪಾಯಿಗಳಲ್ಲಿ ಸುಮಾರು ಒಂದು ವರ್ಷ ಕೊಳೆಹಾಕಿ ತೆಗೆಯುವ 'ನೂಕ್ ಮಾಮ್' ಎಂಬ ರಸವು ತರಕಾರಿಯ ಅಡುಗೆಯಲ್ಲಿಯೂ ಇರಬಹುದು. 'ಚಾಯ್' ಎಂದರೆ ಅಲ್ಲಿ ಚಹಾ ಅಲ್ಲ, ಸಸ್ಯಾಹಾರ. ಈ ಒಂದು ಪದ ಕಲಿತರೆ ಸಾಕು. ನಮ್ಮ ಬ್ಯಾಡಗಿ ಮೆಣಸಿನಕಾಯಿಯಂತೆ ಈ ರಸಕ್ಕೂ ಭೌಗೋಳಿಕ ಗುರುತಿನ ರಕ್ಷಣೆಯಿದೆ. 2012ರಲ್ಲಿ ಐರೋಪ್ಯ ಒಕ್ಕೂಟವೂ ಅದನ್ನು ಮಾನ್ಯ ಮಾಡಿತು. ಊರಿನ ಹೆಸರನ್ನೇ ಸರಕಿನ ಬೆಲೆಯಾಗಿ ಪರಿವರ್ತಿಸಿದ ಬಗೆಯನ್ನು ಅರಿಯಲು, ನಮ್ಮ ವರ್ತಕರು ಅಲ್ಲಿನ ತಯಾರಿಕಾ ಘಟಕಕ್ಕೆ ಒಂದು ಗಂಟೆ ಮೀಸಲಿಡಬಹುದು.

ಲೆಕ್ಕಪತ್ರದ ಅಂಶಗಳು

ಭಾರತದ ಪ್ರವಾಸ ಸಂಸ್ಥೆಯಿಂದ ಪ್ಯಾಕೇಜ್ ಕೊಂಡರೆ ಮೂಲದಲ್ಲಿಯೇ ತೆರಿಗೆ ಸಂಗ್ರಹವಾಗುತ್ತದೆ. ಅದು ಖರ್ಚಲ್ಲ, ಮುಂಗಡ; ಯಾರ ಪ್ಯಾನ್ ಕೊಡಲಾಗಿದೆಯೋ ಅವರ ರಿಟರ್ನ್‌ನಲ್ಲಿ ಜಮೆ ಪಡೆಯಬಹುದು. ಇದರ ದರ ಇತ್ತೀಚಿನ ವರ್ಷಗಳಲ್ಲಿ ಹಲವು ಬಾರಿ ಬದಲಾಗಿದೆ. ಬುಕಿಂಗ್ ದಿನದ ದರವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಕುಟುಂಬದ ವಿಹಾರವನ್ನು ಸಂಸ್ಥೆಯ ಖರ್ಚೆಂದು ತೋರಿಸುವಂತಿಲ್ಲ. ಅಲ್ಲಿನ ನಾಣ್ಯವಾದ ದೊಂಗ್‌ನ 20,000 ಮತ್ತು 500,000 ಮುಖಬೆಲೆಯ ನೋಟುಗಳೆರಡೂ ನೀಲಿ ಛಾಯೆಯವು. ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಇಪ್ಪತ್ತೈದು ಪಟ್ಟು ತೆತ್ತಂತೆ.

ಮಾಸ, ಮಾರ್ಗ, ವೀಸಾ, ಟಿಕೆಟ್, ವಸತಿ: ಈ ಐದನ್ನು ಇದೇ ಕ್ರಮದಲ್ಲಿ ನಿರ್ಧರಿಸಿದವರಿಗೆ ನಾಲ್ಕು ದಿನಗಳೂ ಪೂರ್ಣವಾಗಿ ದಕ್ಕುತ್ತವೆ. ಹಣವನ್ನು ಮತ್ತೆ ಗಳಿಸಬಹುದು. ಕುಟುಂಬಕ್ಕೆಂದು ತೆಗೆದಿಟ್ಟ ದಿನ ಕಳೆದರೆ ಅದನ್ನು ಮುಂದಿನ ವರ್ಷದ ಖಾತೆಗೆ ವರ್ಗಾಯಿಸಲು ಬರುವುದಿಲ್ಲ.