ಲೋಹಕ್ಕೂ ಅಸ್ಥಿಗೂ ನಂಟು

ದೇಹವು ತನ್ನೊಳಗೆ ಹೊಕ್ಕ ಪರವಸ್ತುವನ್ನು ನಾರಿನ ಪೊರೆಯಿಂದ ಸುತ್ತುಗಟ್ಟಿ ದೂರವಿರಿಸುವುದೆಂದೂ, ಲೋಹಕ್ಕೂ ಜೀವಂತ ಅಸ್ಥಿಗೂ ನೇರವಾದ ಸಂಯೋಗ ಅಸಾಧ್ಯವೆಂದೂ ವೈದ್ಯರು ನಂಬಿದ್ದ ಕಾಲದಲ್ಲಿ, 1952ರ ಸುಮಾರಿಗೆ, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ಸಂಶೋಧಕರು ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಮ್ಮಿನ ಪುಟ್ಟ ವೀಕ್ಷಣಕೋಶವನ್ನು ಕೂಡಿಸಿ, ಮಜ್ಜೆಯಲ್ಲಿ ರಕ್ತ ಸಂಚರಿಸುವ ಬಗೆಯನ್ನು ಪರೀಕ್ಷಿಸುತ್ತಿದ್ದರು. ಪ್ರಯೋಗ ಮುಗಿದ ಬಳಿಕ ಆ ಕೋಶವನ್ನು ಕೀಳಹೋದರೆ ಅದು ಬರಲೊಲ್ಲದು. ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅವರು ಹುಡುಕಿದ್ದು ರಕ್ತದ ವಿಚಾರ, ದೊರೆತದ್ದು ಅಸ್ಥಿಯ ವಿಚಾರ! 1965ರಲ್ಲಿ ಮನುಷ್ಯನ ದವಡೆಗೆ, ಕೃತಕ ಹಲ್ಲಿನ ಆಧಾರವಾಗಿ, ಟೈಟಾನಿಯಂ ಬೇರು (ಇಂಪ್ಲಾಂಟ್) ನೆಟ್ಟದ್ದಾಯಿತು. ಆದರೂ 1982ರಲ್ಲಿ ಟೊರಾಂಟೊದಲ್ಲಿ ನಡೆದ ದಂತವೈದ್ಯ ಸಮ್ಮೇಳನದವರೆಗೆ ವಿದ್ವಜ್ಜನರ ಸಂದೇಹ ಪೂರ್ತಿಯಾಗಿ ತೊಲಗಲಿಲ್ಲ.

ಗಾಳಿ ಸೋಕಿದ ಕ್ಷಣವೇ ಟೈಟಾನಿಯಮ್ಮಿನ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಮೂಡುವುದರಿಂದ, ಅಸ್ಥಿಯು ಮುಟ್ಟುವುದು ವಾಸ್ತವವಾಗಿ ಲೋಹವನ್ನಲ್ಲ, ಈ ಪದರವನ್ನು. ಮೊದಮೊದಲಿನ ಬೇರುಗಳು ಲೇತ್ ಯಂತ್ರದಲ್ಲಿ ಕಡೆದ ನುಣುಪಿನವು. ಅವುಗಳಿಗೆ ಹಲ್ಲು ಜೋಡಿಸಲು ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳು ಕಾಯಬೇಕಾಗುತ್ತಿತ್ತು. ಈ ಕಾಯುವಿಕೆಯನ್ನು ತಗ್ಗಿಸಲು, ಗಾರೆ ಹಿಡಿಯಲೆಂದು ಗೋಡೆಯನ್ನು ಕೊಚ್ಚುವ ಗಾರೆಕೆಲಸದವನ ಉಪಾಯವನ್ನೇ ವಿಜ್ಞಾನಿಗಳೂ ಹಿಡಿದರು. ಸ್ವಿಟ್ಜರ್ಲೆಂಡಿನಲ್ಲಿ ರೂಢಿಗೆ ಬಂದ ಕ್ರಮದಂತೆ, ದಪ್ಪ ಕುರಂದದ ಹರಳುಗಳನ್ನು ರಭಸದಿಂದ ಎರಚಿ ಲೋಹದ ಮೈಯನ್ನು ತರಿತರಿಯಾಗಿಸಿ, ಅನಂತರ ಬಿಸಿ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿದರೆ, ದೊಡ್ಡ ಕುಳಿಗಳೊಳಗೆ ಒಂದೆರಡು ಮೈಕ್ರೊಮೀಟರಿನ ಸಣ್ಣ ಕುಳಿಗಳು ಏಳುತ್ತವೆ. ಹೆಪ್ಪುಗಟ್ಟಿದ ರಕ್ತದ ಫೈಬ್ರಿನ್ ಎಳೆಗಳು ಅಲ್ಲಿ ಭದ್ರವಾಗಿ ಅಂಟಿಕೊಳ್ಳುವುದರಿಂದ, ಅಸ್ಥಿಜನಕ ಕೋಶಗಳು ಆ ಎಳೆಗಳ ಮೇಲೆ ನಡೆದು ಬಂದು ಲೋಹದ ಮೈಯಿಂದಲೇ ಹೊಸ ಮೂಳೆ ಕಟ್ಟಲಾರಂಭಿಸುತ್ತವೆ. ಮೂಳೆ ಗಟ್ಟಿಯಾಗಿದ್ದಲ್ಲಿ ಕಾಯುವ ಅವಧಿ ಆರು ವಾರಕ್ಕೆ ಇಳಿದದ್ದು ಹೀಗೆ.

ಸೊಂಟದ ಕೀಲಿನ ಚಿಕಿತ್ಸಕರು ಬೇರೊಂದು ದಾರಿ ಹಿಡಿದರು. 1985ರಲ್ಲಿ ಲಂಡನ್ನಿನ ಶಸ್ತ್ರಚಿಕಿತ್ಸಕ ಫರ್ಲಾಂಗ್, ಅಸ್ಥಿಯ ಖನಿಜವೇ ಆದ ಹೈಡ್ರಾಕ್ಸಿಅಪಟೈಟನ್ನು ಪ್ಲಾಸ್ಮಾ ಜ್ವಾಲೆಯಿಂದ ಲೇಪಿಸಿದ ಕೀಲನ್ನು ಸಿಮೆಂಟಿನ ನೆರವಿಲ್ಲದೆ ಕೂಡಿಸಿದರು. ಲೇಪನ ಸರಿಯಾಗಿ ಅಂಟದಿದ್ದರೆ ಸಿಪ್ಪೆ ಕಳಚುವ ಭಯ ಇದರಲ್ಲಿದೆ.

ಹಲ್ಲಿನ ಬೇರುಗಳಿಗೆ ಮರಳಿದರೆ, ಒರಟು ಹೆಚ್ಚಿದಷ್ಟೂ ಒಳಿತೆಂಬ ಭ್ರಮೆಯೂ ಸಲ್ಲದು. ಸರಾಸರಿ ಒಂದರಿಂದ ಎರಡು ಮೈಕ್ರೊಮೀಟರಿನ ತರಿಯೇ ಮೂಳೆಗೆ ಹಿತ. ಅದಕ್ಕೂ ಮಿಕ್ಕ ಒರಟು ಮೈ ವಸಡಿನಿಂದ ಹೊರಗೆ ತೆರೆದುಕೊಂಡರೆ ಬ್ಯಾಕ್ಟೀರಿಯಾಗಳಿಗೆ ಬಿಡಾರವಾಗುತ್ತದೆ. ಆದುದರಿಂದ ಇಂಪ್ಲಾಂಟ್ ಹಾಕಿಸಿಕೊಂಡ ವಾಚಕರು ಅದರ ಬುಡವನ್ನು ಪ್ರತಿದಿನವೂ ಶುಚಿಮಾಡತಕ್ಕದ್ದು.